ಓದುಗನಿಗೆ ಸೂತಕವಿಲ್ಲ

ಇಂಗ್ಲಿಷ್ ಕಾದಂಬರಿಕಾರ ಟೆರಿ ಪ್ರಾಚೆಟ್ ಅವರ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ಚಿಕ್ಕದೊಂದು ಉತ್ತರ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅವರ ಪುಸ್ತಕಗಳಿಗಿಂತ ಅವರ ಸಾವನ್ನೇ ಕುರಿತಿದ್ದವು. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಅವರ ಪರಿಚಯವಿಲ್ಲದವರಿಗಾಗಿ ಎರಡು ಮಾತು. 1948ರಲ್ಲಿ ಬೀಕನ್ಸ್‌ಫೀಲ್ಡ್‌ನಲ್ಲಿ ಹುಟ್ಟಿದ ಪ್ರಾಚೆಟ್ ಹದಿಹರೆಯದಲ್ಲೇ ಶಾಲೆ ಬಿಟ್ಟು ಸ್ಥಳೀಯ ಪತ್ರಿಕೆಯೊಂದರಲ್ಲಿ ವರದಿಗಾರರಾದರು. ಮುಂದೆ ವಿದ್ಯುತ್ ಉತ್ಪಾದನಾ ಮಂಡಳಿಯ ಪತ್ರಿಕಾ ಅಧಿಕಾರಿಯಾಗಿದ್ದಾಗ, 1983ರಲ್ಲಿ, ಡಿಸ್ಕ್‌ವರ್ಲ್ಡ್ ಸರಣಿಯ ಮೊದಲ ಕಾದಂಬರಿಯನ್ನು ಪ್ರಕಟಿಸಿದರು. ಆಕಾಶದಲ್ಲಿ ಈಜುತ್ತಿರುವ ಮಹಾಕೂರ್ಮವೊಂದರ ಬೆನ್ನ ಮೇಲೆ ನಾಲ್ಕು ಆನೆಗಳು ನಿಂತಿವೆ, ಆ ಆನೆಗಳು ಚಪ್ಪಟೆಯಾದ ಒಂದು ಲೋಕವನ್ನು ಹೊತ್ತಿವೆ, ಆ ಲೋಕದಲ್ಲಿ ಮಾಟಗಾತಿಯರೂ ಪೊಲೀಸರೂ ಅಂಚೆಯವರೂ ನಮ್ಮ ನಿಮ್ಮಂತೆಯೇ ಬದುಕುತ್ತಾರೆ. ಈ ಲೋಕದ ಮೇಲೆ ಅವರು ಒಟ್ಟು 41 ಕಾದಂಬರಿಗಳನ್ನು ಬರೆದರು. ತಮಗೆ ಆಲ್ಜೈಮರ್ ಕಾಯಿಲೆಯ ಅಪರೂಪದ ಬಗೆಯೊಂದು ತಗುಲಿದೆಯೆಂದು 2007ರ ಡಿಸೆಂಬರ್‌ನಲ್ಲಿ ತಾವೇ ಪ್ರಕಟಿಸಿದರು. 2015ರ ಮಾರ್ಚ್ 12ರಂದು, 66ನೆಯ ವಯಸ್ಸಿನಲ್ಲಿ, ವಿಲ್ಟ್‌ಷರ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು.

ಪ್ರಶ್ನೆ: ಮಾನ್ಯರೇ, ಪ್ರಾಚೆಟ್ ತೀರಿಕೊಂಡ ಸುದ್ದಿ ಬಂದ ದಿನ ನಾನು ಅತ್ತುಬಿಟ್ಟೆ. ಸ್ವಂತ ದೊಡ್ಡಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲವೆಂದು ಮನೆಯವರು ಇಂದಿಗೂ ಆಡಿಕೊಳ್ಳುತ್ತಾರೆ. ಎಂದೂ ಕಾಣದ, ನನ್ನ ಹೆಸರನ್ನೂ ಅರಿಯದ ಒಬ್ಬರಿಗಾಗಿ ಹೀಗೆ ದುಃಖಪಡುವುದು ಅತಿಯಾಯಿತೇ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಅತಿಯಾಗಲಿಲ್ಲ. ನಿಮ್ಮ ದೊಡ್ಡಪ್ಪನವರು ಹೋದಾಗ ನಿಮಗೆ ಮಾಡಲು ಕೆಲಸಗಳಿದ್ದವು. ಬಂಧುಗಳಿಗೆ ತಿಳಿಸಬೇಕಿತ್ತು, ಬಂದವರಿಗೆ ಊಟದ ವ್ಯವಸ್ಥೆಯಾಗಬೇಕಿತ್ತು, ಹನ್ನೊಂದನೆಯ ದಿನ, ವೈಕುಂಠ ಸಮಾರಾಧನೆ ಎಂದು ದಿನಗಳಿಗೆ ಒಂದು ಕ್ರಮವಿತ್ತು. ಇಷ್ಟು ದಿನ ಹೀಗಿರಿ, ಆಮೇಲೆ ಎದ್ದು ನಡೆಯಿರಿ ಎಂದು ಸಂಪ್ರದಾಯವೇ ದುಃಖಕ್ಕೆ ಒಂದು ದಾರಿ ಮಾಡಿಕೊಟ್ಟಿರುತ್ತದೆ. ಬರಹಗಾರ ಸತ್ತಾಗ ಓದುಗನಿಗೆ ಸೂತಕವಿಲ್ಲ. ಅವನು ಯಾರ ಮನೆಗೂ ಹೋಗಿ ಕೂರುವಂತಿಲ್ಲ, ಅವನ ಮನೆಗೂ ಯಾರೂ ಬಂದು ಸಮಾಧಾನ ಹೇಳುವುದಿಲ್ಲ. ಹೀಗೆ ಎಲ್ಲಿಗೂ ಹೋಗಲಾರದ ದುಃಖವೇ ನಿಮ್ಮನ್ನು ಅಳಿಸಿದ್ದು. ಇನ್ನೊಂದು ಮಾತನ್ನೂ ಸಂಕೋಚವಿಲ್ಲದೆ ಹೇಳಬಹುದು. ನೀವು ಅವರ ಹತ್ತಿಪ್ಪತ್ತು ಕಾದಂಬರಿಗಳನ್ನು ಓದಿದ್ದರೆ, ದೊಡ್ಡಪ್ಪನವರ ಮಾತನ್ನು ಕೇಳಿದ್ದಕ್ಕಿಂತ ಹೆಚ್ಚು ಹೊತ್ತು ಪ್ರಾಚೆಟ್ ಅವರ ಮಾತನ್ನು ಕೇಳಿದ್ದೀರಿ; ಅದೂ ಮನೆಯವರೆಲ್ಲ ಮಲಗಿದ ಮೇಲೆ, ಒಬ್ಬರೇ ಕುಳಿತು.

ಪ್ರಾಚೆಟ್ ಓದುಗರ ವಿಷಯದಲ್ಲಿ ನನ್ನ ಗಮನ ಸೆಳೆದದ್ದು ಅವರ ದುಃಖದ ಪ್ರಮಾಣವಲ್ಲ, ಅದು ತಾಳಿದ ರೂಪ. ತಮಗಿಲ್ಲದ ವಿಧಿಯನ್ನು ಅವರು ಆ ಲೇಖಕರ ಪುಸ್ತಕಗಳಿಂದಲೇ ತೆಗೆದುಕೊಂಡರು. ಡಿಸ್ಕ್‌ವರ್ಲ್ಡ್‌ನಲ್ಲಿ ಮೃತ್ಯು ಒಂದು ಪಾತ್ರ. ಅವನು ಅಸ್ಥಿಪಂಜರದ ರೂಪದವನು, ಬಿಂಕಿ ಎಂಬ ಬಿಳಿಯ ಕುದುರೆಯನ್ನೇರಿ ಬರುತ್ತಾನೆ, ಬೆಕ್ಕುಗಳೆಂದರೆ ಅವನಿಗೆ ಪ್ರೀತಿ, ಮನುಷ್ಯರೆಂದರೆ ಮುಗಿಯದ ಕುತೂಹಲ. ಪಾಪಪುಣ್ಯಗಳ ಲೆಕ್ಕ ಅವನದಲ್ಲ. ನಚಿಕೇತನನ್ನು ಮೂರು ರಾತ್ರಿ ಕಾಯಿಸಿದೆನಲ್ಲ ಎಂದು ಪೇಚಾಡಿಕೊಂಡ ಕಠೋಪನಿಷತ್ತಿನ ಯಮನ ಸೌಜನ್ಯ ಅವನಲ್ಲೂ ಇದೆ. ಇಂಗ್ಲಿಷ್ ಮೂಲದಲ್ಲಿ ಅವನ ಮಾತೆಲ್ಲವೂ ದೊಡ್ಡಕ್ಷರಗಳಲ್ಲೇ ಅಚ್ಚಾಗುತ್ತದೆ. ಪ್ರಾಚೆಟ್ ತೀರಿಕೊಂಡ ದಿನ ಅವರ ಟ್ವಿಟರ್ ಖಾತೆಯಲ್ಲಿ ಮೊದಲು ಕಾಣಿಸಿಕೊಂಡದ್ದು ಆ ದೊಡ್ಡಕ್ಷರಗಳ ಒಂದು ಸಾಲು: ಕೊನೆಗೂ ನಾವಿಬ್ಬರೂ ಜೊತೆಯಾಗಿ ನಡೆಯಬೇಕಾಗಿದೆ ಎಂದು ಮೃತ್ಯು ಸರ್ ಟೆರಿಯವರಿಗೆ ಹೇಳುತ್ತಾನೆ. ಎರಡನೆಯ ಸಂದೇಶದಲ್ಲಿ ಟೆರಿ ಅವನ ತೋಳು ಹಿಡಿದು ಬಾಗಿಲು ದಾಟಿ ಕೊನೆಯಿಲ್ಲದ ಇರುಳಿನ ಕೆಳಗಿನ ಕಪ್ಪು ಮರಳುಗಾಡಿಗೆ ಕಾಲಿಡುತ್ತಾರೆ. ಮೂರನೆಯದರಲ್ಲಿ, ಮುಗಿಯಿತು ಎಂಬಷ್ಟೇ ಮಾತು. ಬಹುಕಾಲ ಅವರ ಸಹಾಯಕರಾಗಿದ್ದ ರಾಬ್ ವಿಲ್ಕಿನ್ಸ್ ಪ್ರಕಟಿಸಿದ ಈ ಸಂದೇಶಗಳು ಹೊರಗಿನವರಿಗೆ ವಿಚಿತ್ರವಾಗಿ ಕಂಡಿರಬಹುದು. ಓದುಗರಿಗಾದರೋ ಬಂದವನು ಮೂವತ್ತು ವರ್ಷಗಳಿಂದ ಪರಿಚಿತನಾಗಿದ್ದವನು. ಆಮೇಲೆ ಕೆಲವರು ಪ್ರಾಚೆಟ್ ಅವರನ್ನು ಹಿಂದಿರುಗಿಸಬೇಕೆಂದು ಮೃತ್ಯುವಿನ ಹೆಸರಿಗೇ ಮನವಿಪತ್ರ ಬರೆದರು, ಸಾವಿರಾರು ಮಂದಿ ಅದಕ್ಕೆ ಸಹಿ ಹಾಕಿದರು. ಹಲವರು ಬಾತ್ ನಗರದಲ್ಲಿ ವೃದ್ಧರ ಆರೈಕೆಯ ಬಗ್ಗೆ ಸಂಶೋಧನೆ ನಡೆಸುವ ಸಂಸ್ಥೆಯೊಂದಕ್ಕೆ ಅವರ ನೆನಪಿನಲ್ಲಿ ಹಣ ಕಳುಹಿಸಿದರು. ನೀವು ಅತ್ತಿರಿ. ನಿಮ್ಮ ಮನೆಯವರಿಗೆ ಈ ಪುಟವನ್ನು ತೋರಿಸಬಹುದು.

ಪ್ರಶ್ನೆ: ನಾನು ಜಾಲತಾಣಗಳ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಒಂದು ತಾಣದ ಸರ್ವರ್ ಕಳುಹಿಸುವ ಹೆಡರ್‌ಗಳನ್ನು ಪರಿಶೀಲಿಸುವಾಗ ‘ಎಕ್ಸ್-ಕ್ಲ್ಯಾಕ್ಸ್-ಓವರ್‌ಹೆಡ್: ಜಿಎನ್‌ಯು ಟೆರಿ ಪ್ರಾಚೆಟ್’ ಎಂಬ ಸಾಲು ಕಣ್ಣಿಗೆ ಬಿತ್ತು. ಯಾರೋ ತಾಣಕ್ಕೆ ಕನ್ನ ಹಾಕಿದ್ದಾರೆಂದು ಗಾಬರಿಯಾದೆ. ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕು ಅದು ಇರಲಿ ಬಿಡು ಎಂದರು, ಕಾರಣ ಹೇಳಲಿಲ್ಲ. ಏನಿದು? (ಓದುಗರೊಬ್ಬರು, ಬೆಂಗಳೂರು)

ಉತ್ತರ: ನಿಮ್ಮ ಸಹೋದ್ಯೋಗಿಯವರು ಹೇಳಿದ್ದು ಸರಿ, ಅದು ಇರಲಿ. ಅದರಿಂದ ತಾಣಕ್ಕೆ ಯಾವ ಅಪಾಯವೂ ಇಲ್ಲ.

ಇದರ ಮೂಲ ಅಂಚೆ ಇಲಾಖೆಯನ್ನು ಕುರಿತು ಪ್ರಾಚೆಟ್ 2004ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿದೆ. ಡಿಸ್ಕ್‌ವರ್ಲ್ಡ್‌ನಲ್ಲಿ ತಂತಿಯಿಲ್ಲ. ಅದರ ಬದಲು ‘ಕ್ಲ್ಯಾಕ್ಸ್’ ಎಂಬ ಗೋಪುರಗಳ ಸಾಲಿದೆ. ಒಂದು ಗೋಪುರದವರು ಬೆಳಕಿನ ಸಂಕೇತ ತೋರಿಸುತ್ತಾರೆ, ಮುಂದಿನ ಗೋಪುರದವರು ಅದನ್ನು ಓದಿ ಮುಂದಕ್ಕೆ ದಾಟಿಸುತ್ತಾರೆ, ಸುದ್ದಿ ಹೀಗೆ ನೂರಾರು ಮೈಲಿ ಸಾಗುತ್ತದೆ. ಗೋಪುರ ಹತ್ತಿ ಇಳಿಯುವ ಆ ಕೆಲಸದಲ್ಲಿ ಸಾವುಗಳಾಗುತ್ತವೆ. ಸತ್ತ ಸಂಗಾತಿಯ ಹೆಸರನ್ನು ಗೋಪುರದವರು ಗೋಪುರದಿಂದ ಗೋಪುರಕ್ಕೆ ಕಳುಹಿಸುತ್ತಲೇ ಇರುತ್ತಾರೆ. ಅದಕ್ಕೆ ಮೂರು ಅಕ್ಷರಗಳ ಆಜ್ಞೆಯಿದೆ: ‘ಜಿ’ ಎಂದರೆ ಮುಂದಕ್ಕೆ ಕಳುಹಿಸು, ‘ಎನ್’ ಎಂದರೆ ದಾಖಲೆ ಪುಸ್ತಕದಲ್ಲಿ ಬರೆಯಬೇಡ, ‘ಯು’ ಎಂದರೆ ಸಾಲಿನ ತುದಿ ಮುಟ್ಟಿದ ಮೇಲೆ ಹಿಂದಕ್ಕೆ ತಿರುಗಿಸು. ಆ ಹೆಸರು ಯಾರ ಮನೆಗೂ ತಲುಪುವುದಿಲ್ಲ, ಎಲ್ಲಿಯೂ ನಿಲ್ಲುವುದಿಲ್ಲ, ಮಾರುವ ಕೊಳ್ಳುವ ಸುದ್ದಿಗಳ ನಡುವೆ ಸದ್ದಿಲ್ಲದೆ ಆ ತುದಿಯಿಂದ ಈ ತುದಿಗೆ ಓಡಾಡಿಕೊಂಡಿರುತ್ತದೆ. ಹೆಸರನ್ನು ಆಡುವವರು ಇರುವಷ್ಟು ಕಾಲ ಮನುಷ್ಯ ಸತ್ತಂತಲ್ಲ ಎಂಬುದು ಗೋಪುರದವರ ನಂಬಿಕೆ. ಆ ಕಾದಂಬರಿಯಲ್ಲಿ ಹೀಗೆ ಓಡಾಡುವುದು ಕ್ಲ್ಯಾಕ್ಸ್ ಕಟ್ಟಿದ ಮುದುಕನ ಸತ್ತ ಮಗನ ಹೆಸರು.

2015ರಲ್ಲಿ ಪ್ರಾಚೆಟ್ ತೀರಿಕೊಂಡ ಕೆಲವೇ ದಿನಗಳಲ್ಲಿ ನಿಮ್ಮಂತೆ ಸರ್ವರ್ ನೋಡಿಕೊಳ್ಳುವ ಓದುಗರಿಗೆ ಈ ಪದ್ಧತಿ ನೆನಪಾಯಿತು. ಜಾಲತಾಣವೂ ಬ್ರೌಸರ್‌ಗೆ ಪುಟವನ್ನು ಕಳುಹಿಸುವಾಗ ಅದರ ಜೊತೆಗೆ ಓದುಗನ ಕಣ್ಣಿಗೆ ಬೀಳದ ಕೆಲವು ಸಾಲುಗಳನ್ನು ಕಳುಹಿಸುತ್ತದೆ. ಆ ಸಾಲುಗಳ ನಡುವೆ ಅವರು ಪ್ರಾಚೆಟ್ ಹೆಸರನ್ನೂ ಸೇರಿಸಿದರು. ಬ್ರೌಸರ್‌ಗೆ ಅದು ಅರ್ಥವಾಗುವುದಿಲ್ಲವಾದ್ದರಿಂದ ಸುಮ್ಮನೆ ಬಿಟ್ಟುಬಿಡುತ್ತದೆ. ಹುಡುಕುವವರಿಗೆ ಮಾತ್ರ ಕಾಣುತ್ತದೆ. ಹೂವಿನ ಹಾರ, ಭಾವಚಿತ್ರ, ಮೈಕು ಇವುಗಳಿಲ್ಲದ ಸಂತಾಪಸೂಚನೆ ನಮಗೆ ಅಪರಿಚಿತ. ನನಗಾದರೋ ನಾನು ಕೇಳಿರುವ ಅಭಿಮಾನಿಗಳ ಶ್ರದ್ಧಾಂಜಲಿಗಳಲ್ಲೆಲ್ಲ ಅತ್ಯಂತ ಯೋಗ್ಯವಾದುದು ಇದೇ ಎನ್ನಿಸುತ್ತದೆ. ಇದರಲ್ಲಿ ಅಭಿಮಾನಿಗೆ ಹೆಸರಿಲ್ಲ, ಸತ್ತವರಿಗೆ ಮಾತ್ರ ಇದೆ.

ಪ್ರಶ್ನೆ: ಅವರು ಬರೆದು ಮುಗಿಸದ ಕೃತಿಗಳಿದ್ದ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ರೋಡ್ ರೋಲರ್ ಹತ್ತಿಸಿ ಪುಡಿ ಮಾಡಿದರೆಂದು ಓದಿದೆ. ಇಂಥ ಕೆಲಸಕ್ಕೆ ಮನಸ್ಸಾದರೂ ಹೇಗೆ ಬಂತು? ಅದು ಓದುಗರಿಗೆ ಸೇರಬೇಕಾದ ಆಸ್ತಿಯಲ್ಲವೇ? (ನಿವೃತ್ತ ಗ್ರಂಥಪಾಲಕರು, ಮೈಸೂರು)

ಉತ್ತರ: ಸುದ್ದಿ ನಿಜ. 2017ರ ಆಗಸ್ಟ್ 25ರಂದು, ಡಾರ್ಸೆಟ್‌ನಲ್ಲಿ ನಡೆದ ಹಬೆಯಂತ್ರಗಳ ಜಾತ್ರೆಯಲ್ಲಿ, ಲಾರ್ಡ್ ಜೆರಿಕೋ ಎಂಬ ಹೆಸರಿನ ಹಳೆಯ ಹಬೆ ರೋಲರ್ ಅದರ ಮೇಲೆ ಹಲವು ಸಲ ಹಾಯಿತು. ಅಡಿಯಲ್ಲಿಟ್ಟಿದ್ದ ಕಲ್ಲುಗಳು ನುಚ್ಚಾದವು, ಹಾರ್ಡ್ ಡಿಸ್ಕ್ ಮಾತ್ರ ಎಣಿಸಿದಷ್ಟು ಜಖಂ ಆಗಲಿಲ್ಲ. ಕಡೆಗೆ ಜಲ್ಲಿ ಒಡೆಯುವ ಯಂತ್ರಕ್ಕೆ ಹಾಕಬೇಕಾಯಿತು. ಈ ಪ್ರಸಂಗವನ್ನು ಪ್ರಾಚೆಟ್ ತಾವೇ ಬರೆದಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ. ಉಳಿದ ಚೂರುಗಳನ್ನು ಅದೇ ವರ್ಷ ಸಾಲ್ಸ್‌ಬರಿ ವಸ್ತುಸಂಗ್ರಹಾಲಯದ ಪ್ರದರ್ಶನದಲ್ಲಿಟ್ಟರು. ಇದು ಅವರದೇ ಇಚ್ಛೆಯಾಗಿತ್ತು, ವಿಲ್ಕಿನ್ಸ್ ಅದನ್ನು ನಡೆಸಿಕೊಟ್ಟರು. ಇನ್ನು ಮುಂದೆ ತಾವಾಗಲಿ ಬೇರೆಯವರಾಗಲಿ ಡಿಸ್ಕ್‌ವರ್ಲ್ಡ್ ಕಾದಂಬರಿ ಬರೆಯುವುದಿಲ್ಲವೆಂದು ಅವರ ಮಗಳು ರಿಯಾನಾ ಕೂಡ ಸ್ಪಷ್ಟಪಡಿಸಿದ್ದಾರೆ.

ಗ್ರಂಥಪಾಲಕರಾಗಿದ್ದ ನಿಮ್ಮ ಸಂಕಟ ನನಗೆ ತಿಳಿಯುತ್ತದೆ. ಲೇಖಕರ ಕರಡುಗಳಿಂದ ಸಂಶೋಧಕರಿಗೆ ಲಾಭವಿದೆ ಎಂಬುದೂ ಸರಿ. ಆದರೆ ಓದುಗರಿಗೆ ಸೇರಿದ್ದು ಲೇಖಕರು ಪ್ರಕಟಿಸಲು ಕೊಟ್ಟದ್ದು ಮಾತ್ರ. ಮುಗಿಸಲಾಗದ ಸಾಲನ್ನು ತೋರಿಸದಿರುವ ಹಕ್ಕು ಬರೆದವರದು. ಬುದ್ಧಿ ತನ್ನ ಕೈ ಬಿಡುತ್ತಿದೆಯೆಂದು ಬಲ್ಲ ಬರಹಗಾರರ ವಿಷಯದಲ್ಲಂತೂ ಆ ಹಕ್ಕಿಗೆ ಇನ್ನೂ ಹೆಚ್ಚು ಬೆಲೆ ಕೊಡಬೇಕು.

ಪ್ರಶ್ನೆ: ಅವರು ದಯಾಮರಣ ಪಡೆದರೆಂದು ಕೇಳಿದ್ದೇನೆ. ನಿಜವೇ? (ಓದುಗರೊಬ್ಬರು, ಉಡುಪಿ)

ಉತ್ತರ: ಇಲ್ಲ. ಗುಣವಾಗದ ಕಾಯಿಲೆಯವರಿಗೆ ತಮ್ಮ ಸಾವಿನ ಗಳಿಗೆಯನ್ನು ತಾವೇ ನಿರ್ಧರಿಸುವ ಹಕ್ಕು ಬೇಕೆಂದು ಅವರು 2010ರ ಉಪನ್ಯಾಸವೊಂದರಲ್ಲಿಯೂ 2011ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಸಾಕ್ಷ್ಯಚಿತ್ರದಲ್ಲಿಯೂ ವಾದಿಸಿದ್ದರು. ಆ ಕಾರಣಕ್ಕೆ ಈ ವದಂತಿ ಹುಟ್ಟಿತು. ಅವರದು ಸಹಜ ಮರಣ. ಮನೆಯವರು ಸುತ್ತ ಇದ್ದರು, ಹಾಸಿಗೆಯ ಮೇಲೆ ಅವರ ಬೆಕ್ಕು ಮಲಗಿತ್ತು ಎಂದು ಪ್ರಕಾಶಕರು ತಿಳಿಸಿದ್ದರು.

ಪ್ರಶ್ನೆ: ಅವರ ಕೊನೆಯ ಕಾದಂಬರಿ ನನ್ನ ಕಪಾಟಿನಲ್ಲಿದೆ. ಕೊಂಡು ವರ್ಷಗಳಾದವು, ತೆರೆದಿಲ್ಲ. ಅದನ್ನೂ ಓದಿಬಿಟ್ಟರೆ ಅವರು ಪೂರ್ತಿಯಾಗಿ ಹೋದಂತೆ ಎಂಬ ಭಾವನೆ. ಗೆಳತಿಯರಿಗೆ ಹೇಳಿದರೆ ಹುಚ್ಚು ಎನ್ನುತ್ತಾರೆ. ಓದಲೇ? (ಶಿಕ್ಷಕಿಯೊಬ್ಬರು, ಧಾರವಾಡ)

ಉತ್ತರ: ನಿಮ್ಮ ಹಾಗೆ ಆ ಪುಸ್ತಕವನ್ನು ತೆರೆಯದೆ ಇಟ್ಟುಕೊಂಡವರು ಜಗತ್ತಿನ ಹಲವು ಕಡೆ ಇದ್ದಾರೆ. ಇದು ಹುಚ್ಚಾದರೆ ಜೊತೆಗಾರರಿರುವ ಹುಚ್ಚು. ಆದರೂ ಓದಿ ಎಂದೇ ಹೇಳುತ್ತೇನೆ. ಅದಕ್ಕೆ ಕಾರಣ ಹೇಳಬೇಕಾದರೆ ಕಥೆಯ ಒಂದು ಭಾಗವನ್ನು ಬಿಟ್ಟುಕೊಡಬೇಕಾಗುತ್ತದೆ. ಬೇಡವೆನ್ನುವವರು ಮುಂದಿನ ಪ್ರಶ್ನೆಗೆ ಹೋಗಬಹುದು.

ಅವರ ಮರಣಾನಂತರ, 2015ರ ಆಗಸ್ಟ್‌ನಲ್ಲಿ ಬಂದ ಆ ಕಾದಂಬರಿಯ ಆರಂಭದಲ್ಲೇ ಗ್ರ್ಯಾನಿ ವೆದರ್‌ವ್ಯಾಕ್ಸ್ ಸಾಯುತ್ತಾಳೆ. ಹಲವು ಕಾದಂಬರಿಗಳುದ್ದಕ್ಕೂ ಯಾರಿಗೂ ತಲೆಬಾಗದೆ, ಹೊಗಳಿಕೆಯನ್ನು ಬಯಸದೆ, ಊರಿನ ಹೆರಿಗೆ ಸಾವು ಜಗಳಗಳನ್ನೆಲ್ಲ ನೋಡಿಕೊಂಡ ಆ ಮಾಟಗಾತಿ ಮುದುಕಿಗೆ ತನ್ನ ದಿನ ಬಂದಿದೆಯೆಂದು ಮೊದಲೇ ತಿಳಿಯುತ್ತದೆ. ಅವಳು ಗೋಳಾಡುವುದಿಲ್ಲ. ಮನೆಯನ್ನು ಮೂಲೆಮೂಲೆಯೂ ಗುಡಿಸಿ ತೊಳೆಯುತ್ತಾಳೆ, ತನ್ನ ದೇಹವನ್ನಿಡಲು ಬುಟ್ಟಿಯನ್ನು ತಾನೇ ಹೆಣೆಯುತ್ತಾಳೆ, ಮಲಗುತ್ತಾಳೆ, ಮೃತ್ಯು ಬಂದಾಗ ಹಳೆಯ ಪರಿಚಯದವನೊಡನೆ ಆಡುವಂತೆ ನಾಲ್ಕು ಮಾತಾಡಿ ಹೊರಡುತ್ತಾಳೆ. ತಮ್ಮ ಸಾವನ್ನು ಎದುರಿಗಿಟ್ಟುಕೊಂಡ ಲೇಖಕರು ತಮಗೆ ಅತಿ ಪ್ರಿಯವಾದ ಪಾತ್ರವನ್ನು ತಾವೇ ಕೈಯಾರೆ ಬೀಳ್ಕೊಟ್ಟಿದ್ದಾರೆ. ಆಮೇಲೆ ಉಳಿದವರು ಅತ್ತು, ಕಣ್ಣೊರೆಸಿಕೊಂಡು, ಅವಳು ಬಿಟ್ಟುಹೋದ ಕೆಲಸಗಳನ್ನು ಹಂಚಿಕೊಳ್ಳುತ್ತಾರೆ. ನಿಮಗೆ ಸಿಗದಿದ್ದ ಹನ್ನೊಂದು ದಿನಗಳು ಆ ಪುಟಗಳಲ್ಲಿವೆ. ತಾವು ಬಯಸಿದಷ್ಟು ತಿದ್ದಿ ತೀಡಲು ಅವರಿಗೆ ಕಾಲ ಸಾಲಲಿಲ್ಲವೆಂದು ಕೊನೆಯ ಟಿಪ್ಪಣಿಯಲ್ಲಿ ವಿಲ್ಕಿನ್ಸ್ ಬರೆದಿದ್ದಾರೆ. ಅಲ್ಲಲ್ಲಿ ಅದು ಗೊತ್ತಾಗುತ್ತದೆ, ದೋಷವೆನ್ನಿಸುವುದಿಲ್ಲ. ರಜೆಯ ದಿನ ಓದಿ, ಮರುದಿನ ಪಾಠವಿದ್ದರೆ ಕಷ್ಟವಾದೀತು.

ಪ್ರಶ್ನೆ: ನನ್ನ ತಾಯಿಗೆ 61 ವರ್ಷ. ಕಣ್ಣಿನ ವೈದ್ಯರು ದೃಷ್ಟಿ ಸರಿಯಾಗಿದೆ ಎನ್ನುತ್ತಾರೆ, ಆದರೆ ಎದುರಿಗಿರುವ ಲೋಟವೂ ಅವರಿಗೆ ಸಿಗುವುದಿಲ್ಲ, ಮೆಟ್ಟಿಲಿಳಿಯಲು ಹೆದರುತ್ತಾರೆ. ಪ್ರಾಚೆಟ್ ಅವರಿಗಿದ್ದ ಕಾಯಿಲೆಯ ವಿವರ ಓದಿ ಭಯವಾಯಿತು. (ಓದುಗರೊಬ್ಬರು, ತುಮಕೂರು)

ಉತ್ತರ: ನಾನು ವೈದ್ಯನಲ್ಲ, ನಿಮ್ಮ ತಾಯಿಯವರಿಗೆ ಏನಾಗಿದೆ ಎಂದು ಹೇಳಲಾರೆ. ಪ್ರಾಚೆಟ್ ಅವರಿಗಿದ್ದುದು ಮಿದುಳಿನ ಹಿಂಭಾಗವನ್ನು ಹಿಡಿಯುವ ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೋಫಿ. ಅದರಲ್ಲಿ ಕಣ್ಣು ಸರಿಯಿದ್ದರೂ ಕಂಡದ್ದನ್ನು ಮಿದುಳು ಜೋಡಿಸಿಕೊಳ್ಳಲಾರದು. ನೆನಪೂ ಮಾತೂ ಆರಂಭದಲ್ಲಿ ಬಹುಪಾಲು ಉಳಿದಿರುವುದರಿಂದ ಮನೆಯವರು ಮೋಸಹೋಗುತ್ತಾರೆ. ಅವರಿಗೂ ಮೊದಲು ಲಘು ಪಾರ್ಶ್ವವಾಯು ಆಗಿದೆಯೆಂದೇ ಹೇಳಲಾಗಿತ್ತು. ಇಂಥ ತೊಂದರೆಗೆ ಬೇರೆ ಕಾರಣಗಳೂ ಇರಬಹುದಾದ್ದರಿಂದ ಊಹೆ ಮಾಡುತ್ತ ಕೂರದೆ ನರರೋಗ ತಜ್ಞರಿಗೆ ತೋರಿಸಿ. ತುಮಕೂರಿನಿಂದ ಬೆಂಗಳೂರಿನ ನಿಮ್ಹಾನ್ಸ್ ದೂರವಲ್ಲ. ಕಣ್ಣಿನ ವೈದ್ಯರ ವರದಿಯನ್ನೂ ಜೊತೆಗೆ ಒಯ್ಯಿರಿ.

ಕಾಯಿಲೆ ಅದೇ ಎಂದಾದರೂ ಎಲ್ಲವೂ ಒಮ್ಮೆಗೇ ಮುಗಿಯುವುದಿಲ್ಲ. ಕೀಲಿಮಣೆಯ ಅಕ್ಷರಗಳು ಸಿಗದಂತಾದಾಗ ಪ್ರಾಚೆಟ್ ಸಹಾಯಕರಿಗೆ ಹೇಳಿ ಬರೆಸಿದರು, ಮಾತನ್ನು ಬರಹವಾಗಿಸುವ ತಂತ್ರಾಂಶ ಬಳಸಿದರು, ಹೀಗೆಯೇ ಮತ್ತೆ ಹಲವು ಕಾದಂಬರಿಗಳನ್ನು ಮುಗಿಸಿದರು. 2008ರಲ್ಲಿ ಆಲ್ಜೈಮರ್ ಕಾಯಿಲೆಯ ಸಂಶೋಧನೆಗೆಂದು ಹತ್ತು ಲಕ್ಷ ಡಾಲರ್ ಕೊಟ್ಟರು. ಮರೆವಿನ ಕಾಯಿಲೆಯನ್ನು ಮನೆಯೊಳಗೇ ಮುಚ್ಚಿಡುತ್ತಿದ್ದ ಎಷ್ಟೋ ಕುಟುಂಬಗಳು ಅವರು ಬಾಯಿಬಿಟ್ಟು ಮಾತನಾಡಿದ ಮೇಲೆ ತಾವೂ ಮಾತನಾಡಿದವು.

ಪ್ರಶ್ನೆ: ಇಂಗ್ಲಿಷ್ ಲೇಖಕನಿಗಾಗಿ ಇಷ್ಟು ಕಣ್ಣೀರು! ನಮ್ಮ ತೇಜಸ್ವಿ ಹೋದಾಗ ಈ ಜನ ಎಲ್ಲಿದ್ದರು? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಅವರಲ್ಲಿ ಎಷ್ಟೋ ಮಂದಿ ತೇಜಸ್ವಿಯವರಿಗಾಗಿಯೂ ಅತ್ತವರೇ. ಈ ವಿಷಯದಲ್ಲಿ ಬಂದ ಪತ್ರಗಳಲ್ಲಿ ಎರಡೂ ಹೆಸರುಗಳನ್ನು ಒಟ್ಟಿಗೆ ಬರೆದವರಿದ್ದಾರೆ. 2007ರ ಏಪ್ರಿಲ್ 5ರಂದು ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ತೀರಿಕೊಂಡ ಮೇಲೆ ಅವರನ್ನು ಒಮ್ಮೆಯೂ ನೋಡದ ಹುಡುಗ ಹುಡುಗಿಯರು ಇಂದಿಗೂ ಬಸ್ಸು ಹಿಡಿದು, ಬೈಕು ಏರಿ ಆ ಕಡೆ ಹೋಗುತ್ತಾರೆ, ಕೊಟ್ಟಿಗೆಹಾರದ ಪ್ರತಿಷ್ಠಾನದಲ್ಲಿ ಒಂದಷ್ಟು ಹೊತ್ತು ಕಳೆಯುತ್ತಾರೆ, ಹಕ್ಕಿಗಳ ಚಿತ್ರ ತೆಗೆಯುತ್ತಾರೆ. ಅದೂ ಓದುಗರು ತಾವೇ ಕಂಡುಕೊಂಡ ವಿಧಿಯೇ. ಅವರಿಗೆ ಅದನ್ನು ಕಲಿಸಿದ್ದು ತೇಜಸ್ವಿಯವರ ಪುಸ್ತಕಗಳೇ.

ನಿಮ್ಮ ಆಕ್ಷೇಪದಲ್ಲಿ ಒಂದು ನ್ಯಾಯವನ್ನು ಮಾತ್ರ ಒಪ್ಪುತ್ತೇನೆ. ನಮ್ಮಲ್ಲಿ ಲೇಖಕರು ತೀರಿಕೊಂಡಾಗ ನಡೆಯುವ ನುಡಿನಮನದ ಸಭೆಗಳಲ್ಲಿ ವೇದಿಕೆಯ ತುಂಬ ಗಣ್ಯರಿರುತ್ತಾರೆ, ತುಂಬಲಾರದ ನಷ್ಟ ಎಂಬ ಮಾತು ಹತ್ತು ಬಾಯಿಂದ ಬರುತ್ತದೆ, ಆದರೆ ಆ ಪುಸ್ತಕವನ್ನು ಓದಿ ರಾತ್ರಿ ನಿದ್ದೆಗೆಟ್ಟ ಸಾಮಾನ್ಯ ಓದುಗನಿಗೆ ಮೈಕು ಸಿಗುವುದಿಲ್ಲ. ಮುಂದಿನ ಸಭೆಯನ್ನು ಏರ್ಪಡಿಸುವವರು ಗಣ್ಯರ ಭಾಷಣಗಳನ್ನು ಅರ್ಧಕ್ಕೆ ಇಳಿಸಿ, ಉಳಿದ ಹೊತ್ತಿನಲ್ಲಿ ಓದುಗರಿಂದ ಲೇಖಕರದೇ ಪುಟಗಳನ್ನು ಓದಿಸಲಿ.

ಪ್ರಶ್ನೆ: ಭೂಮಿಯನ್ನು ಹೊತ್ತ ಆನೆ, ಅದರ ಕೆಳಗಿನ ಆಮೆ ನಮ್ಮ ಪುರಾಣದಿಂದ ಎತ್ತಿದ್ದಲ್ಲವೇ? (ಓದುಗರೊಬ್ಬರು, ಮಂಗಳೂರು)

ಉತ್ತರ: ನಂಟು ಇದೆ, ಆದರೆ ನೇರವಾಗಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಕೇಳುವ ಕಥೆಗಳಲ್ಲಿ ಐರಾವತ ಮೊದಲಾದ ಎಂಟು ದಿಗ್ಗಜಗಳು ದಿಕ್ಕುಗಳನ್ನು ಕಾಯುತ್ತವೆ, ಭೂಮಿಯ ಭಾರ ಶೇಷನದು, ಕೂರ್ಮ ಹೊತ್ತದ್ದು ಮಂದರ ಪರ್ವತವನ್ನು. ಆನೆಯ ಕೆಳಗೆ ಆಮೆ ನಿಲ್ಲಿಸಿದ ಚಿತ್ರ ಭಾರತೀಯರ ನಂಬಿಕೆಯೆಂದು ಯುರೋಪಿನಲ್ಲಿ ಹರಡಿತ್ತು. ತತ್ತ್ವಜ್ಞಾನಿ ಜಾನ್ ಲಾಕ್ 17ನೆಯ ಶತಮಾನದ ಕೊನೆಯಲ್ಲಿಯೇ ಅದನ್ನು ಪ್ರಸ್ತಾಪಿಸಿದ್ದಾರೆ. ಪ್ರಾಚೆಟ್ ಕೈಗೆತ್ತಿಕೊಂಡದ್ದು ಹೀಗೆ ಹರಡಿಹೋಗಿದ್ದ ಚಿತ್ರವನ್ನು. ಅದನ್ನು ಗೇಲಿ ಮಾಡದೆ, ಆಮೆಯ ಮನಸ್ಸಿನಲ್ಲಿ ಏನಿದ್ದೀತು ಎಂದು ಯೋಚಿಸಿದ್ದಕ್ಕೆ ನಾವು ಅವರನ್ನು ನಂಟರೆಂದು ಕರೆದರೆ ತಪ್ಪಿಲ್ಲ.

ಪ್ರಶ್ನೆ: ಇಂಗ್ಲೆಂಡಿಗೆ ಕೆಲಸದ ಮೇಲೆ ಬಂದಿದ್ದೇನೆ. ಅವರ ನೆನಪಿಗೆ ಒಮ್ಮೆ ಹೋಗಿಬರಬಹುದಾದ ಜಾಗ ಯಾವುದು? (ಓದುಗರೊಬ್ಬರು, ಲಂಡನ್)

ಉತ್ತರ: ಸಾಮರ್‌ಸೆಟ್‌ನ ವಿಂಕಾಂಟನ್ ಎಂಬ ಪುಟ್ಟ ಊರು. ಡಿಸ್ಕ್‌ವರ್ಲ್ಡ್‌ನ ಆಂಕ್-ಮಾರ್ಪಾರ್ಕ್ ನಗರದೊಂದಿಗೆ ಅದು 2002ರಲ್ಲಿ ಸೋದರ ನಗರ ಸಂಬಂಧ ಮಾಡಿಕೊಂಡಿತು. ಹೊಸ ಬಡಾವಣೆಯ ಬೀದಿಗಳಿಗೆ ಪೀಚ್ ಪೈ ಸ್ಟ್ರೀಟ್, ಟ್ರೀಕಲ್ ಮೈನ್ ರೋಡ್ ಎಂದು ಕಾದಂಬರಿಯ ಹೆಸರುಗಳನ್ನೇ ಇಟ್ಟರು. ಅಲ್ಲಿ ಯಾರ ಮನೆಯ ಮುಂದೆಯೂ ಹೆಚ್ಚು ಹೊತ್ತು ನಿಂತು ಫೋಟೋ ತೆಗೆಯಬೇಡಿ, ಅವು ಜನ ವಾಸಿಸುವ ಬೀದಿಗಳು.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು. ಪ್ರಾಚೆಟ್ ತೀರಿಕೊಂಡಾಗ ಅವಳಿನ್ನೂ ಕೈಗೂಸು. ಅವಳಿಗೆ ಯಾವ ಪುಸ್ತಕದಿಂದ ಆರಂಭಿಸಲಿ? (ತಾಯಿಯೊಬ್ಬರು, ಕಲಬುರಗಿ)

ಉತ್ತರ: 1983ರ ಮೊದಲ ಕಾದಂಬರಿಯಿಂದ ಬೇಡ, ಅದರಲ್ಲಿ ಲೇಖಕರ ಕೈ ಇನ್ನೂ ಪಳಗಿರಲಿಲ್ಲ. ಟಿಫನಿ ಏಕಿಂಗ್ ಎಂಬ ಹುಡುಗಿಯ ಕಥೆಯಿಂದ ಆರಂಭಿಸಿ. 2003ರಲ್ಲಿ ಬಂದ ಆ ಸಾಲಿನ ಮೊದಲ ಪುಸ್ತಕದಲ್ಲಿ ಅವಳಿಗೆ ಒಂಬತ್ತು ವರ್ಷ. ಕುರಿ ಕಾಯುವ ಮನೆತನದವಳು, ಕಾಣೆಯಾದ ತಮ್ಮನನ್ನು ಕರೆತರಲು ಬಾಣಲೆ ಹಿಡಿದು ಹೊರಡುತ್ತಾಳೆ. ಪುಸ್ತಕದಿಂದ ಪುಸ್ತಕಕ್ಕೆ ಅವಳು ಬೆಳೆಯುತ್ತಾಳೆ, ನಿಮ್ಮ ಮಗಳೂ ಜೊತೆಯಲ್ಲೇ ಬೆಳೆಯಬಹುದು. ಒಟ್ಟು ಐದು ಪುಸ್ತಕಗಳು. ಧಾರವಾಡದ ಶಿಕ್ಷಕಿಯವರ ಕಪಾಟಿನಲ್ಲಿರುವುದು ಅದರ ಐದನೆಯದು. ಆದ್ದರಿಂದ ಈ ಪುಟ ಸದ್ಯಕ್ಕೆ ಮಗಳ ಕೈಗೆ ಸಿಗದಂತೆ ನೋಡಿಕೊಳ್ಳಿ.